ಏಳನೇ ಡಬ್ಬಿಯ ಮರಿ

ಮಾರ್ಚ್ ೧೪, ಗುರುವಾರ

ಏಳನೇ ಡಬ್ಬಿಯ ಹಾವಿನ ಮರಿ ಇವತ್ತೂ ಬಾಯಿ ಹಾಕಲಿಲ್ಲ. ನಾನು ಮನೆಯಲ್ಲಿ ಸಾಕಿದ ಹಾವಿನ ಮೊಟ್ಟೆಯೊಡೆದು ಬಂದ ಹನ್ನೊಂದು ಮರಿಗಳಲ್ಲಿ ಹತ್ತು ತಿಂದು ಸುತ್ತಿಕೊಂಡು ಮಲಗಿವೆ. ಇದೊಂದು ಮಾತ್ರ ಇಪ್ಪತ್ತಾರು ದಿನದಿಂದ ಉಪವಾಸ. ಬೆನ್ನುಮೂಳೆ ದಾರದ ಗಂಟುಗಳಂತೆ ಎದ್ದು ಕಾಣುತ್ತಿದೆ. ಇನ್ನೊಂದು ವಾರ ಹೀಗೇ ಆದರೆ ಉಳಿಯುವುದಿಲ್ಲ.

ಸಂಜೆ ಫ್ರೀಜರಿನಲ್ಲಿಟ್ಟಿದ್ದ ಸತ್ತ ಇಲಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒಳಗಿಟ್ಟೆ. ದಿನವೂ ಮಾಡುವಂತೆ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಪ್ರತಿ ಸಲವೂ ಅದು ತಲೆ ಎಳೆದುಕೊಂಡು ಮೂಲೆ ಸೇರಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ.

"ಊಟಕ್ಕೆ ಕೂತವರ ಬಾಯಿಗೆ ಟಾರ್ಚ್ ಬಿಟ್ಕೊಂಡು ನೋಡ್ತಾ ನಿಂತ್ರೆ ಯಾರಿಗ್ರೀ ಗಂಟಲಲ್ಲಿ ಇಳಿಯುತ್ತೆ?"

"ತಿಂತೋ ಇಲ್ವೋ ಗೊತ್ತಾಗಬೇಡ್ವೇನೇ?"

"ನಿಮಗೆ ಗೊತ್ತಾಗೋದು ಮುಖ್ಯನೋ, ಅದು ತಿನ್ನೋದು ಮುಖ್ಯನೋ?"

ಇಷ್ಟು ದಿನ ಅದನ್ನು ಹೆದರಿಸಿದ್ದು ನಾನೇ. ಅವಳು ಡಬ್ಬಿಗೆ ಕಪ್ಪು ಬಟ್ಟೆ ಹೊದಿಸಿ, ಟಾರ್ಚನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದಳು.

ಕಣ್ಣು ಉರಿಯುತ್ತಿದೆ, ಸೊಂಟ ಹಿಡಿದುಕೊಂಡಿದೆ. ಆದರೂ ಕಾಲು ಡಬ್ಬಿಗಳಿರುವ ಕಪಾಟಿನ ಕಡೆಗೇ ಎಳೆಯುತ್ತದೆ. ಬೆಳಗಿನವರೆಗೆ ಆ ಡಬ್ಬಿ ಮುಟ್ಟುವುದಿಲ್ಲ. ಕೈಗೆ ಬೇರೆ ಕೆಲಸವಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೇನೂ ತೋಚುತ್ತಿಲ್ಲ, ಬೆಳಕಾಗಲು ಇನ್ನೂ ಬಹಳ ಹೊತ್ತಿದೆ.