ಕಾಣೆಯಾದ ಹದಿನಾರು ಪುಟ

ಅಂಗಡಿಯಿಂದ
ಮಾರ್ಚ್ ೧೨, ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಭಾವನವರಿಗೂ ತಿಳಿಸು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಪುರುಸೊತ್ತಿಲ್ಲ ಎಂದು ಬರೆಯಬಹುದಿತ್ತು, ಆದರೆ ಬೈಂಡಿಂಗ್ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದೇನೆ. ದಿನಾ ಪೆನ್ನು ಹಿಡಿಯುತ್ತೇನೆ, ಎದ್ದು ಹೋಗಿ ಅಂಟು ಕಲಸುತ್ತೇನೆ. ಈಗ ಇಷ್ಟು ಅಂಟಿಗೆ ಊರಿನ ಪುಸ್ತಕವೆಲ್ಲ ಸಾಲದು.

ಭುಜದ ನೋವು ಕಡಿಮೆಯಾಗಿದೆ. ನಿನ್ನೆ ಇವಳು ನನ್ನ ಮುಖ ನೋಡಿ, ಯಾರಿಗಾದರೂ ಹೆದರಿಕೊಂಡಿದ್ದೀರಾ ಎಂದು ಕೇಳಿದಳು. ಹೌದು, ಅಕ್ಕನಿಗೆ ಅಂದೆ. ತಮಾಷೆ ಎಂದುಕೊಂಡು ನಕ್ಕಳು.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮ ಹೋದ ಮೇಲೆ ನಾವ್ಯಾರೂ ತೆರೆಯದ ಅವಳ ಆ ಹಳೆಯ ಕಾದಂಬರಿಯನ್ನು ಹೊಸದಾಗಿ ಹೊಲಿದು, ರಟ್ಟು ಹಾಕಿ ಕಳಿಸಿದ್ದೆನಲ್ಲ. ಭಾವನವರಿಗೆ ಓದಿ ಹೇಳುವಾಗ ಇನ್ನೂರ ಎಂಟನೆಯ ಪುಟದ ಮೇಲೆ ನೇರವಾಗಿ ಇನ್ನೂರ ಇಪ್ಪತ್ತೈದು ಬಂತು, ಡಾಕ್ಟರನ್ನು ಕರೆಯಲು ಹೋದ ಹುಡುಗ ಏನಾದ ಎಂದು ಅವರು ಒಂದೇ ಸಮನೆ ಕೇಳುತ್ತಿದ್ದಾರೆ ಎಂದು ಬರೆದಿದ್ದೀಯ. “ನಲವತ್ತು ವರ್ಷ ಇದೇ ಕೆಲ್ಸ ಮಾಡ್ದೋನು ಹದಿನಾರು ಪುಟ ನುಂಗ್ಬಿಟ್ಯಲ್ಲೋ” ಎಂದು ಕಾಲೆಳೆದಿದ್ದೀಯ.

ಅಕ್ಕ, ನಾನು ಹದಿನಾರು ಪುಟದ ಒಂದೊಂದು ಮಡಿಕೆಯನ್ನೂ ಎಣಿಸಿಯೇ ಸೂಜಿ ಹಾಕುವವನು. ಆ ಮಡಿಕೆ ಕಳೆದುಹೋಗಿಲ್ಲ, ನಾನೇ ತೆಗೆದಿಟ್ಟೆ. ಗೆದ್ದಲು ತಿಂದಿತ್ತು ಎಂದು ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ.

ಆ ಪುಟಗಳಲ್ಲಿ ಹುಡುಗ ಹಳೆಯ ಸೇತುವೆ ದಾಟಲು ಹೆದರುತ್ತಾನೆ. ಅದರ ಕೆಳಗೆ ಸ್ವಲ್ಪ ಹೊತ್ತು ಕೂತು, ಮನೆಗೆ ಬಂದು, ಡಾಕ್ಟರು ಊರಲ್ಲಿಲ್ಲ ಎನ್ನುತ್ತಾನೆ. ತಾಯಿ ಉಳಿಯುವುದಿಲ್ಲ. ಎಲ್ಲರೂ ಪಾಪ ಎಂದು ಅವನ ತಲೆ ಸವರುತ್ತಾರೆ. ಹೊಲಿಯುತ್ತ ಹೊಲಿಯುತ್ತ ಅದರ ಮೇಲೆ ಕಣ್ಣು ಬಿತ್ತು, ಸೂಜಿ ಕೆಳಗಿಟ್ಟೆ. ಬರೆದವನು ಯಾವ ಕಾಲದವನೋ, ನನ್ನನ್ನು ಎಲ್ಲಿ ನೋಡಿದ್ದನೋ.

ನೀನು ಮೊಮ್ಮಕ್ಕಳಿಗೆ ನನ್ನ ಬಗ್ಗೆ ಹೇಳುವ ಕಥೆ ಒಂದೇ. ಅಮ್ಮ ಹೋದ ದಿನ ಬರಿಗಾಲಲ್ಲಿ ಡಾಕ್ಟರ ಮನೆಗೆ ಓಡಿದ ಒಂಬತ್ತು ವರ್ಷದ ತಮ್ಮ. ಅವರೆಲ್ಲ ನನ್ನ ಕಾಲನ್ನೇ ನೋಡುತ್ತಾರೆ. ನನಗೆ ಅಲ್ಲಿಂದ ಎದ್ದು ಹೋಗುವಂತಾಗುತ್ತದೆ.

ಆ ಪುಟಗಳನ್ನು ಇದರ ಜೊತೆಗಿಟ್ಟಿದ್ದೇನೆ. ಭಾವನವರಿಗೆ ಓದುವ ಮೊದಲು ನೀನೊಬ್ಬಳೇ ಓದು. ಆಮೇಲೂ ನನಗೆ ಕಾಗದ ಬರೆಯುತ್ತೀಯೋ ಇಲ್ಲವೋ ಎಂಬುದೊಂದೇ ನನ್ನ ಭಯ.

ಮಕ್ಕಳಿಗೆಲ್ಲ ಆಶೀರ್ವಾದ. ನಿನ್ನ ಆಶೀರ್ವಾದವನ್ನು ಈ ಸಲ ಕೇಳುವ ಧೈರ್ಯವಿಲ್ಲ.

ನಿನ್ನ
ತಮ್ಮ

ಸಹಿಯ ಕೆಳಗೆ ಏನಾದರೂ ಸೇರಿಸುವಾಗ ಮರೆತಿದ್ದೆ ಎಂದು ಬರೆಯುವುದು ವಾಡಿಕೆ. ನಾನು ಒಂದು ದಿನವೂ ಮರೆತಿಲ್ಲ. ಆ ಮಧ್ಯಾಹ್ನ ಡಾಕ್ಟರು ಮನೆಯಲ್ಲಿದ್ದರು. ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದರು. ಗೇಟಿನೊಳಗೆ ನಾಯಿ ಬಿಟ್ಟಿದ್ದರು. ಒಂದು ಸಲ ಕೂಗಿದ್ದರೆ ಅವರಿಗೆ ಕೇಳಿಸುತ್ತಿತ್ತು. ಕೂಗಿದರೆ ನಾಯಿ ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡು ನಿಂತೆ, ಆಮೇಲೆ ಹಿಂದೆ ತಿರುಗಿದೆ. ಡಾಕ್ಟರು ಈಗಷ್ಟೇ ಹೊರಗೆ ಹೋದರಂತೆ ಎಂದು ನಿನಗೆ ಬಂದು ಹೇಳಿದೆ. “ಅರ್ಧ ಗಂಟೆ ಮುಂಚೆ ಕಳಿಸ್ಬೇಕಿತ್ತು ಕಣೋ, ತಪ್ಪು ನಂದೇ” ಎಂದು ನೀನು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತೀಯ. ಅಕ್ಕ, ನೀನು ಸರಿಯಾದ ಹೊತ್ತಿಗೇ ಕಳಿಸಿದ್ದೆ.