ಮಗ್ಗದ ಬೀದಿಯ ಹೆಂಗಸರ ಪಟ್ಟಿಯನ್ನು ಹಿಂದಿರುಗಿಸಿ

ಅಂತರಶಿಸ್ತೀಯ ಸಂಶೋಧನಾ ಕೇಂದ್ರಗಳ ಅನುದಾನ ಆಯ್ಕೆ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಭೌತಶಾಸ್ತ್ರ, ವೈದ್ಯಕೀಯ, ಸಮಾಜಶಾಸ್ತ್ರ ಮೂರೂ ಸೇರಿ ಸಲ್ಲಿಸಿದ ನಮ್ಮ ಪ್ರಸ್ತಾವನೆಯನ್ನು ತಾವು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದೀರಿ: "ಇದು ಯಾವ ವಿಷಯಕ್ಕೆ ಸೇರಿದ್ದೆಂಬುದು ಸ್ಪಷ್ಟವಿಲ್ಲ." ಹಲವು ವಿಷಯಗಳವರು ಒಟ್ಟಾಗಿ ಬನ್ನಿ ಎಂದು ಅರ್ಜಿ ಕರೆದವರು ತಾವೇ. ಒಟ್ಟಾಗಿ ಬಂದದ್ದೇ ನಮ್ಮ ಅನರ್ಹತೆಯಾಯಿತೆ? ತಮ್ಮ ಆನ್‌ಲೈನ್ ನಮೂನೆಯಲ್ಲಿ ವಿಷಯ ಬರೆಯಲು ಇದ್ದದ್ದು ಒಂದೇ ಅಂಕಣ. ಭೌತಶಾಸ್ತ್ರ ಎಂದು ತುಂಬಿದೆ. ಮಿಕ್ಕ ಎರಡನ್ನು ಎಲ್ಲಿ ತುಂಬಬೇಕಿತ್ತು, ಸ್ವಾಮಿ?

ನಾನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಣ್ಣದೊಂದು ವಿಶ್ವವಿದ್ಯಾಲಯದಲ್ಲಿ ಅಧೀಕ್ಷಕ. ಚಿಕ್ಕ ವಿಶ್ವವಿದ್ಯಾಲಯಗಳೂ ದೊಡ್ಡವರ ಜೊತೆ ಸ್ಪರ್ಧಿಸಲಿ ಎಂದು ತಾವು 'ಅನುದಾನ ಸಹಾಯ ಕೋಶ' ತೆರೆಯಲು ಆದೇಶಿಸಿದಿರಿ. ನಮ್ಮಲ್ಲಿ ಆ ಕೋಶವೆಂದರೆ ನಾನು, ಒಂದು ಕಂಪ್ಯೂಟರು, ಬಾಗಿಲು ಮುಚ್ಚದ ಒಂದು ಬೀರು. ದೇವನಹಳ್ಳಿ ಹತ್ತಿರದ ಹೋಟೆಲಿನಲ್ಲಿ ತಾವು ಏರ್ಪಡಿಸಿದ್ದ ತರಬೇತಿಗೂ ಹೋಗಿಬಂದೆ. "ಮಗ್ಗ ಅನ್ನೋ ಪದ ಬೇಡ ಸಾರ್, ಸ್ವಲ್ಪ ಗ್ಲೋಬಲ್ ಆಗಿರ್ಲಿ" ಎಂದರು ತರಬೇತುದಾರರು. ದೊಡ್ಡಬಳ್ಳಾಪುರದ ಮಗ್ಗದ ಸದ್ದನ್ನು ಗ್ಲೋಬಲ್ ಮಾಡುವುದು ಹೇಗೆಂದು ಕೇಳುವಷ್ಟರಲ್ಲಿ ಊಟಕ್ಕೆ ಕರೆದರು.

ಆ ಮಗ್ಗದ ಮಾತು ತೆಗೆದವರು ನಮ್ಮ ಭೌತಶಾಸ್ತ್ರದ ಅಧ್ಯಾಪಕಿ ನವ್ಯಶ್ರೀ. ಅವರು ಬಾಡಿಗೆಗಿರುವ ಮನೆಯ ಪಕ್ಕದಲ್ಲೇ ಪವರ್‌ಲೂಮ್ ಶೆಡ್ಡು. ಅಲ್ಲಿ ನೂಲು ಸುತ್ತುವ ಮುನಿತಾಯಮ್ಮನಿಗೆ ಬಾಗಿಲು ಬಡಿದರೆ ಕೇಳದು, ಕೂಗಿದರೆ ಕೇಳದು. ಯಂತ್ರದ ಸದ್ದನ್ನು ತಗ್ಗಿಸುವ ದಾರಿ ಹುಡುಕಬೇಕು, ಕಿವಿಗಳನ್ನು ಪರೀಕ್ಷಿಸಬೇಕು, ಈ ಹೆಂಗಸರು ಬಾಯಿಬಿಟ್ಟು ಹೇಳದಿರುವುದು ಏಕೆಂದು ತಿಳಿಯಬೇಕು ಎಂದು ನವ್ಯಶ್ರೀ ಹೊರಟರು. ಕಿವಿ ವೈದ್ಯ ಅಮರ್, ಸಮಾಜಶಾಸ್ತ್ರದ ಭಾನುಪ್ರಕಾಶ್ ಜೊತೆಯಾದರು. ಒಂದೇ ಕಾರಿಡಾರಿನಲ್ಲಿ ಹತ್ತು ವರ್ಷ ಮುಖ ತಿರುಗಿಸಿ ನಡೆದ ವಿಭಾಗಗಳು ಒಂದೇ ಮೇಜಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಪ್ರಾಥಮಿಕ ಮಾಹಿತಿ ಬೇಕೆಂದಿರಿ. ಮಧ್ಯಾಹ್ನ ಮಗ್ಗ ನಿಲ್ಲುವ ಹೊತ್ತಿನಲ್ಲಿ ಪರೀಕ್ಷೆ ಶುರುವಾಯಿತು. ಸದ್ದು ಕೇಳಿಸಿದಾಗ ಬೆರಳೆತ್ತಬೇಕು. ಮುನಿತಾಯಮ್ಮ ಡಾಕ್ಟರ ಕೈಯನ್ನೇ ನೋಡುತ್ತ, ಅವರು ಗುಂಡಿ ಒತ್ತಿದಾಗಲೆಲ್ಲ ಬೆರಳೆತ್ತಿದರು. ಗೋಡೆಗೆ ಮುಖ ಮಾಡಿ ಕೂರಿಸಿದ ಮೇಲೆ ಬೆರಳು ಮೇಲೇಳಲೇ ಇಲ್ಲ.

"ನಂದು ಹೋದ್ರೆ ಹೋಯ್ತು ಬಿಡಪ್ಪ, ಈ ಹುಡ್ಗೀರ್ದಾದ್ರೂ ಉಳ್ಕಳ್ಳಿ" ಎಂದು ಅವರೇ ಬೀದಿಯ ಹೆಂಗಸರನ್ನೆಲ್ಲ ಕರೆತಂದರು. ದ್ಯಾವಮ್ಮ ಎಂಬಾಕೆ ಮಾತ್ರ ಹಿಂಜರಿದರು. "ಕಿವಿ ಕೇಳ್ಸಲ್ಲ ಅಂತ ಗೊತ್ತಾದ್ರೆ ಸಾವ್ಕಾರ್ರು ಕೆಲ್ಸದಿಂದ ತೆಗ್ದಾಕ್ಬಿಡ್ತಾರೆ ಸಾಮಿ." ನಾನು ಹೇಳಿದೆ, "ಏನೂ ಆಗಲ್ಲಮ್ಮ. ಇದು ಸರ್ಕಾರಿ ಕೆಲ್ಸ." ಆ ಮಾತು ನನ್ನದು. ಅದರ ಹೊಣೆಯನ್ನು ತಮ್ಮ ಮೇಲೆ ಹೊರಿಸುವುದಿಲ್ಲ.

ಆದರೆ ಪರೀಕ್ಷೆಯ ಫಲಿತಾಂಶದ ಪಟ್ಟಿಯನ್ನು ಹೆಸರು ಸಹಿತ ಲಗತ್ತಿಸಿ ಎಂದದ್ದು ತಮ್ಮ ನಮೂನೆ. "ಹೆಸರು ಯಾಕೆ ಸಾರ್?" ಎಂದು ನವ್ಯಶ್ರೀ ತಡೆದರು. "ಕೊಡದಿದ್ರೆ ಅರ್ಜಿ ಮುಂದಕ್ಕೆ ಹೋಗಲ್ಲಮ್ಮ" ಎಂದು ನಾನೇ ಅಪ್‌ಲೋಡ್ ಮಾಡಿದೆ. ಪಾರದರ್ಶಕತೆಯ ಮೇಲೆ ತಮಗಿರುವ ಪ್ರೀತಿ ದೊಡ್ಡದು. ಬಂದ ಅರ್ಜಿಗಳನ್ನೆಲ್ಲ ಲಗತ್ತುಗಳ ಸಮೇತ ಜಾಲತಾಣದಲ್ಲಿ ಹಾಕಿದಿರಿ. ವಾರದೊಳಗೆ ಆ ಪಟ್ಟಿ ಶೆಡ್ಡಿನ ಮಾಲೀಕರ ಮೊಬೈಲಿಗೆ ಬಂದಿತ್ತು. ಯಂತ್ರದ ಬಳಿ ಕಿವುಡರಿದ್ದರೆ ಅಪಾಯವೆಂದು ಹೇಳಿ ದ್ಯಾವಮ್ಮನನ್ನು ಕೆಲಸದಿಂದ ಬಿಡಿಸಿದರು. ಅವರನ್ನು ಕಿವುಡರನ್ನಾಗಿಸಿದ್ದು ಯಾವ ಯಂತ್ರ ಎಂದು ಯಾರೂ ಕೇಳಲಿಲ್ಲ. ಮುನಿತಾಯಮ್ಮ ಹಳಬರೆಂದು ಉಳಿದುಕೊಂಡರು.

ಸಂಶೋಧನಾ ಕೇಂದ್ರ ಮಂಜೂರಾಗಿ ಬಂದರೆ ಎಲ್ಲ ಸರಿಹೋಗುತ್ತದೆಂದು ಕಾದೆವು. ತಮ್ಮ ಆ ಒಂದು ವಾಕ್ಯದ ಉತ್ತರ ಬಂತು. ಹೇಳಲು ಹೋದಾಗ ಮಗ್ಗಗಳು ಓಡುತ್ತಿದ್ದವು. ನಾನು ಮುನಿತಾಯಮ್ಮನ ಕಿವಿಯ ಹತ್ತಿರ, ಕೇಂದ್ರ ಬರಲಿಲ್ಲವೆಂದು ಕೂಗಿದೆ. ಅವರ ಮುಖ ಅರಳಿತು. "ಬಂತಾ? ಒಳ್ಳೇದಾಯ್ತು ಕಣಪ್ಪ! ದ್ಯಾವಮ್ಮನ್ಗೂ ಹೇಳ್ಬಿಡು, ಕೆಲ್ಸಕ್ಕೆ ಕರ್ಕತಾರೆ ಅಂತ." ಮಾನ್ಯರೇ, ನಾನು ಹೌದೆಂದು ತಲೆಯಾಡಿಸಿ ಹೊರಗೆ ಬಂದುಬಿಟ್ಟೆ. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ದೊಡ್ಡ ಸುಳ್ಳನ್ನು ನಾನು ಆಡಿರಲಿಲ್ಲ.

ಮಗ್ಗ ನಿಂತ ಮೇಲೆ ಮತ್ತೆ ಒಳಗೆ ಹೋಗಿ ಕೈಸನ್ನೆ ಮಾಡಿ, ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅರ್ಥವಾಯಿತು. ಅವರು ಬೈಯಲಿಲ್ಲ. ಸೆರಗಿನಿಂದ ನೂಲಿನ ಧೂಳು ಕೊಡವಿಕೊಂಡು, "ಹಂಗಾರೆ ನಮ್ ಹೆಸ್ರಿನ್ ಕಾಗ್ದ ವಾಪಸ್ ತಂದ್ಕೊಡಪ್ಪ. ಇನ್ನೊಬ್ರ ಕೆಲ್ಸ ಹೋಗ್ಬಾರ್ದು" ಎಂದರು. ಅದನ್ನು ಕೇಳಿ ತಮ್ಮ ಕಚೇರಿಗೆ ಮೂರು ಸಲ ಬರೆದೆ. ಸಲ್ಲಿಸಿದ ದಾಖಲೆ ಸಮಿತಿಯ ಸ್ವತ್ತು ಎಂಬ ಉತ್ತರ ಬಂತು.

ಈಗ ಎರಡನೇ ಸುತ್ತಿಗೆ ಅರ್ಜಿ ಕರೆದಿದ್ದೀರಿ. ನವ್ಯಶ್ರೀ ಬಿಡುವವರಲ್ಲ, ಮತ್ತೆ ಬರೆಯುತ್ತಿದ್ದಾರೆ. ಅಂಥವರನ್ನು ಸೋಲಿಸುವುದೇ ಸ್ಪರ್ಧೆಯೆಂದು ತಾವು ತಿಳಿಯದಿರಿ. ಪ್ರಸ್ತಾವನೆಯಲ್ಲಿ ಎಷ್ಟು ವಿಷಯಗಳು ಸೇರಿವೆಯೋ ಅಷ್ಟಕ್ಕೂ ನಮೂನೆಯಲ್ಲಿ ಜಾಗ ಕೊಡಿ. ಅದು ನಿಧಾನವಾಗಿಯಾದರೂ ಆಗಲಿ. ಪಟ್ಟಿಯನ್ನು ಮಾತ್ರ ಇಂದೇ ಜಾಲತಾಣದಿಂದ ತೆಗೆಯಿರಿ. ದ್ಯಾವಮ್ಮನನ್ನು ಮರಳಿ ಕೆಲಸಕ್ಕೆ ಕರೆದುಕೊಳ್ಳುವಂತೆ ಕಾರ್ಮಿಕ ಇಲಾಖೆಗೆ ಬರೆಯಿರಿ. ಅವರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು, ಶೆಡ್ಡಿನ ಎದುರು ಕಟ್ಟೆಯ ಮೇಲೆ ಕೂತು ಸಂಜೆ ಮನೆಗೆ ಹೋಗುತ್ತಾರೆ. ಇವತ್ತೂ ಬಂದಿದ್ದರು.

ಇಂತಿ,
ಯಾರಿಗೂ ಸಹಾಯವಾಗದ ಸಹಾಯ ಕೋಶದ ಅಧೀಕ್ಷಕ,
ಚಿಕ್ಕಬೀರಪ್ಪ
ತೂಬಗೆರೆ