ಕೈ ಮೊಣಕಾಲಿಗೆ

ಕರಿಬಯಲು ಮೀಸಲು ವಾಯುದಳ ತರಬೇತಿ ಕೇಂದ್ರ
ಫೆಬ್ರವರಿ 30, 2194

ನನ್ನ ಪಾಲಿಗೆ ಎಂದೋ ಆಗಿಹೋದ, ನಿಮ್ಮ ಪಾಲಿಗೆ ಇನ್ನೂ ಬದುಕಿರುವ ಹಿರಿಯರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಬಿಡಿದಿನ ಎನ್ನುತ್ತೇವೆ. ಆ ದಿನಗಳಲ್ಲಿ ಯಾರೂ ಯಾರಿಗೂ ಆಜ್ಞೆ ಮಾಡುವಂತಿಲ್ಲ. ವರ್ಷದಲ್ಲಿ ನನಗೆ ಕಣ್ಣುತುಂಬ ನಿದ್ದೆ ಬರುವುದು ಆ ಐದು ದಿನ ಮಾತ್ರ. ಮುಂದೆ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಿ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ.

ನಾನು ಬಸಲಿಂಗವ್ವ ಇಟಗಿ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕಲಿಸುತ್ತಿದ್ದೇನೆ. ಎಲ್ಲರೂ ಅಕ್ಕಾರು ಎನ್ನುತ್ತಾರೆ. ತಾನೇ ಹಾರುವ ಯಂತ್ರಗಳನ್ನು ನಿಮ್ಮ ಕಾಲದವರು ಬಹಳ ನಂಬಿದ್ದಿರಂತೆ. ಆಮೇಲೆ ಎರಡೂ ಕಡೆಯವರು ಅವುಗಳ ಕಣ್ಣು ಕಟ್ಟುವುದನ್ನು ಕಲಿತರು. ಹೀಗಾಗಿ ಮತ್ತೆ ಮನುಷ್ಯರೇ ಹಾರಬೇಕಾಯಿತು. ಕಾಯಂ ಪಡೆ ಸವೆದಿದೆ. ಈಗ ಬರುವವರು ಮೀಸಲಿನವರು: ವರ್ಷವೆಲ್ಲ ಅಂಗಡಿ, ಶಾಲೆ, ಗಿರಣಿ ನೋಡಿಕೊಂಡು ಎರಡು ತಿಂಗಳು ನಮ್ಮಲ್ಲಿಗೆ ಬಂದು ಯುದ್ಧ ಕಲಿಯುವವರು. ಬರುವಾಗ ತಮ್ಮ ತಲೆದಿಂಬು ತಾವೇ ತರುತ್ತಾರೆ. ಜೋಳ ಈ ಬಿಸಿಲಿಗೆ ಬೆಳೆಯುವುದಿಲ್ಲವಾದ್ದರಿಂದ ಮೂರು ಹೊತ್ತೂ ಸಜ್ಜೆ ರೊಟ್ಟಿ. ಬೆಳಿಗ್ಗೆ ಹತ್ತು ಗಂಟೆಯ ನಂತರ ವಿಮಾನದ ಓಡುದಾರಿ ಕಾದು ಅದರ ಮೇಲೆ ಕಾಲಿಡಲಾಗದು. ಎರೆಮಣ್ಣು ಬಾಯಿ ಬಿಟ್ಟಿರುತ್ತದೆ. ಯುದ್ಧ ಯಾರ ಮೇಲೆ ಎಂದು ಬರೆಯುವುದಿಲ್ಲ. ಬರೆದರೆ ನೀವು ಇಂದಿನಿಂದಲೇ ಅವರನ್ನು ದ್ವೇಷಿಸಲು ಶುರು ಮಾಡುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು.

ನಾವು ಹಾರಿಸುವುದು ಗರಿ ಎಂಬ ಚಿಕ್ಕ ವಿಮಾನ, ಒಬ್ಬರೇ ಕೂರುವಂಥದ್ದು. ಗರಿಗಳು ಕಡಿಮೆ. ಆದ್ದರಿಂದ ಕಲಿಕೆಯೆಲ್ಲ ಸುಳ್ಳುಗೂಡಿನಲ್ಲಿ. ಅದು ನೆಲಕ್ಕೆ ಬೋಲ್ಟು ಹಾಕಿದ ಪೆಟ್ಟಿಗೆ. ಒಳಗೆ ಕುಳಿತರೆ ಆಕಾಶ ಕಾಣುತ್ತದೆ, ಕೈಯಲ್ಲಿ ನಡೆಸುವ ಕೋಲಿರುತ್ತದೆ, ಗುಂಡು ತಾಗಿದರೆ ಕುರ್ಚಿ ಅಲ್ಲಾಡುತ್ತದೆ. ಬಿದ್ದು ಸತ್ತರೆ ಕತ್ತಲಾಗಿ, "ಮತ್ತೊಮ್ಮೆ" ಎಂಬ ದನಿ ಬರುತ್ತದೆ. ಆಗ ಕೋಲು ಜೋರಾಗಿ ತನ್ನ ಜಾಗಕ್ಕೆ ಹಾರುತ್ತದೆ. ನಾನು ಸೇರಿದ ಹೊಸದರಲ್ಲಿ ಇಬ್ಬರ ಬೆರಳು ಅದಕ್ಕೆ ಸಿಕ್ಕಿ ಮುರಿದವು. ಅಂದಿನಿಂದ ಒಂದು ಪದ್ಧತಿ ಮಾಡಿದೆ: ಆಟ ಕೆಟ್ಟಿತು ಅನ್ನಿಸಿದ ಕೂಡಲೇ ಕೋಲು ಬಿಟ್ಟು ಎರಡೂ ಕೈ ಮೊಣಕಾಲ ಮೇಲಿಡಬೇಕು. "ಕೈ ಮೊಣಕಾಲಿಗೆ!" ಎಂದು ಕೂಗಿ ಕೂಗಿ ನನ್ನ ಗಂಟಲು ಒರಟಾಗಿದೆ. ಒಬ್ಬೊಬ್ಬರು ಎರಡು ತಿಂಗಳಲ್ಲಿ ಐನೂರು ಸಲ ಸಾಯುತ್ತಾರೆ, ಐನೂರು ಸಲ ಕೈ ಮೊಣಕಾಲಿಗೆ ಹೋಗುತ್ತದೆ. ಅಲ್ಲಿಂದೀಚೆಗೆ ಯಾರ ಬೆರಳೂ ಮುರಿಯಲಿಲ್ಲ. ಅದಕ್ಕಾಗಿ ನನಗೊಂದು ಶಾಲು ಕೂಡ ಹೊದಿಸಿದರು.

ಅಲ್ಲಿಯವರೆಗೆ ಮೀಸಲಿನವರನ್ನು ಯುದ್ಧಕ್ಕೆ ಕಳಿಸಿರಲಿಲ್ಲ. ಡಿಸೆಂಬರಿನಲ್ಲಿ ನಮ್ಮ ಹದಿನಾಲ್ಕು ಜನ ಮೊದಲ ಬಾರಿ ನಿಜವಾದ ಯುದ್ಧಕ್ಕೆ ಹೋದರು. ಒಂಬತ್ತು ಜನ ಬಂದರು. ಬಾರದವರ ಗರಿಗಳೊಳಗಿನ ಕ್ಯಾಮೆರಾದಿಂದ ಕೊನೆಯವರೆಗೂ ಚಿತ್ರ ಬಂದಿತ್ತು; ನೋಡುವ ಕೆಲಸ ನನ್ನ ಪಾಲಿಗೆ ಬಂತು. ಸುಮಿತ್ರಾ ಬಡಿಗೇರ ಶಾಲೆಯಲ್ಲಿ ಗಣಿತ ಹೇಳುವವಳು, ಬಹಳ ಚೊಕ್ಕ ಹುಡುಗಿ. ಅವಳ ಗರಿಯ ಎಡರೆಕ್ಕೆಗೆ ಪೆಟ್ಟು ಬಿದ್ದಿತ್ತು. ಎತ್ತರ ಸಾಕಷ್ಟಿತ್ತು, ಕೆಳಗೆ ಬಯಲಿತ್ತು, ತೇಲಿಸಿಕೊಂಡು ಇಳಿಸಬಹುದಿತ್ತು. ಅವಳು ಕೋಲು ಬಿಟ್ಟಳು. ಎರಡೂ ಕೈ ಮೊಣಕಾಲ ಮೇಲಿಟ್ಟು ನೆಟ್ಟಗೆ ಕುಳಿತಳು. ಹನ್ನೊಂದು ಸೆಕೆಂಡು ಹಾಗೇ ಕುಳಿತಿದ್ದಳು. ಮುಖದಲ್ಲಿ ಹೆದರಿಕೆಯೇ ಇರಲಿಲ್ಲ, ದನಿಗಾಗಿ ಕಾಯುತ್ತಿದ್ದಳು. ಆ ಐವರಲ್ಲಿ ಇನ್ನಿಬ್ಬರು ಸತ್ತದ್ದೂ ಹಾಗೆಯೇ. ಮೂವರನ್ನು ಕೊಂದದ್ದು ನಾನು. ಬೇರೆ ಮಾತಿನಲ್ಲಿ ಹೇಳಲು ಪ್ರಯತ್ನಿಸಿದೆ, ಆಗಲಿಲ್ಲ.

ಎರಡನೆಯ ತಂಡದ ಹನ್ನೆರಡು ಜನ ಹೊರಡುವುದಕ್ಕೆ ಒಂಬತ್ತು ದಿನ ಉಳಿದಿತ್ತು. ಅವರ ಕೈಗಳೂ ನಾನೇ ಪಳಗಿಸಿದ ಕೈಗಳು. ಕಮಾಂಡರ್ ಮುರಗೋಡರ ಬಳಿ ಹೋಗಿ ಚಿತ್ರ ತೋರಿಸಿ ಒಂದು ತಿಂಗಳು ಕೇಳಿದೆ. "ತಿಂಗಳು ನಾ ಎಲ್ಲಿಂದ ತರಲಿ, ಅಕ್ಕಾರ? ಯುದ್ಧ ನಮ್ಮ ಸಲುವಾಗಿ ನಿಂದರತೈತೇನ್ರಿ? ಒಂಬತ್ತು ದಿನದಾಗ ಏನ್ ಆಕ್ಕೈತಿ, ಮಾಡ್ರಿ" ಎಂದರು. ಕೆಟ್ಟ ಮನುಷ್ಯನಲ್ಲ. ಅವರಿಗೂ ನನ್ನಷ್ಟೇ ದಣಿವು.

ನಾನು ಎಲ್ಲ ಸುಳ್ಳುಗೂಡುಗಳಲ್ಲಿ ಆ ದನಿಯ ತಂತಿ ಕತ್ತರಿಸಿದೆ. ದನಿ ಇಲ್ಲದಿದ್ದರೆ ಕೋಲೂ ಹಾರುವುದಿಲ್ಲ. ಒಬ್ಬರಿಗೆ ದಿನಕ್ಕೆ ಒಂದೇ ಹಾರಾಟ ಎಂದೆ. ಬಿದ್ದರೆ ಕತ್ತಲು, ಮುಚ್ಚಳ ತೆರೆಯುವುದಿಲ್ಲ, ಕೋಲು ಹಿಡಿದುಕೊಂಡೇ ಮಧ್ಯಾಹ್ನದವರೆಗೆ ಕೂರಬೇಕು. ಜನ ನನ್ನನ್ನು ಬಾಯಿಗೆ ಬಂದಂತೆ ಬೈದರು. ಆದರೆ ಹೀಗೆ ಮಾಡಿದರೆ ಸಿದ್ಧಚೀಟಿಗೆ ಬೇಕಾದಷ್ಟು ಹಾರಾಟದ ಗಂಟೆ ತುಂಬುವುದಿಲ್ಲ. ಸಿದ್ಧಚೀಟಿ ಎಂದರೆ ಇವರು ಯುದ್ಧಕ್ಕೆ ತಯಾರು ಎಂದು ನಾನು ಸಹಿ ಹಾಕಿ ಕೊಡುವ ಕಾಗದ. ಗಂಟೆ ತುಂಬದಿದ್ದರೆ ನನ್ನನ್ನು ತೆಗೆದು, ತಂತಿ ಮತ್ತೆ ಜೋಡಿಸುವ ಇನ್ನೊಬ್ಬರನ್ನು ತರುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದು ಗಂಟೆಯನ್ನೂ ಸುಳ್ಳು ಬರೆಯದವಳು ಹನ್ನೆರಡು ಚೀಟಿಯಲ್ಲೂ ಸುಳ್ಳು ಬರೆದೆ.

ಹನ್ನೊಂದು ಜನರ ಕೈ ಹದಕ್ಕೆ ಬಂತು. ಮಹಬೂಬಸಾಬ ನದಾಫನದು ಬರಲಿಲ್ಲ. ಐವತ್ತರ ಹತ್ತಿರದ ಮನುಷ್ಯ, ಊರಲ್ಲಿ ಗಾದಿ ಹೊಲಿಯುವವನು. ಕುರ್ಚಿ ಅಲ್ಲಾಡಿದರೆ ಸಾಕು, ಅವನ ಕೈ ಮೊಣಕಾಲಿಗೆ. ಎಂಟನೆಯ ದಿನ ಹೊರಬಂದವನು ಕಣ್ಣಲ್ಲಿ ನೀರು ತಂದುಕೊಂಡು, "ಕೈ ತಾವ ಹೊಕ್ಕಾವ್ರಿ ಅಕ್ಕಾರ, ನಾ ಕಳಸಂಗಿಲ್ಲ" ಎಂದ. ಅವನೊಬ್ಬನನ್ನು ಬಿಟ್ಟು ಉಳಿದವರನ್ನು ಕಳಿಸಿ ಎಂದು ಮುರಗೋಡರನ್ನು ಕೇಳಿದೆ, ಲೆಕ್ಕ ಹನ್ನೆರಡೇ ಆಗಬೇಕು ಎಂದರು.

ಹೊರಡುವ ಮುಂಜಾನೆ ಸಾಲಿನಲ್ಲಿ ನಿಂತವರ ಕೈ ಹಿಡಿದು ಒಬ್ಬೊಬ್ಬರಿಗೂ "ಬಿಡಬ್ಯಾಡ್ರಿ" ಎಂದೆ. ನದಾಫನ ಬಲಗೈ ಮಣಿಕಟ್ಟಿಗೆ ಗಾದಿಬಟ್ಟೆಯ ಪಟ್ಟಿ ಸುತ್ತಿತ್ತು. ದಿಂಬಿನ ಗವಸು ಹರಿದು, ನಾಲ್ಕು ಮಡಿಕೆ ಮಾಡಿ ಹೊಲಿದಿದ್ದ. ಇನ್ನೊಂದು ತುದಿ ಕೋಲಿಗೆ ಕಟ್ಟಿಕೊಳ್ಳಲು. ಕಟ್ಟಿಕೊಂಡವನು ಗರಿಗೆ ಬೆಂಕಿ ಬಿದ್ದರೆ ಹೊರಗೆ ಹಾರಲಾರ. ನಿಯಮದ ಪ್ರಕಾರ ಬಿಚ್ಚಿಸಬೇಕಿತ್ತು. ಅವನೂ ನನ್ನ ಮುಖ ನೋಡಿದ, ನಾನೂ ನೋಡಿದೆ. ಅವನ ಅಂಗಿಯ ತೋಳನ್ನು ಕೆಳಗೆಳೆದು ಪಟ್ಟಿ ಮುಚ್ಚಿದೆ.

ಎಂಟು ಜನ ಬಂದರು. ಬಾರದ ನಾಲ್ವರ ಚಿತ್ರ ನೋಡಿದೆ. ನಾಲ್ವರ ಕೈಯೂ ಕೊನೆಯವರೆಗೆ ಕೋಲಿನ ಮೇಲೇ ಇತ್ತು. ಇದನ್ನು ಸಮಾಧಾನ ಎನ್ನಲು ನನಗೆ ನಾಚಿಕೆಯಾಗುತ್ತದೆ, ಆದರೂ ಸಮಾಧಾನವೇ. ನದಾಫನ ಗರಿ ಎಲ್ಲಕ್ಕಿಂತ ಕೊನೆಗೆ, ಒಂದು ಮಗ್ಗುಲಾಗಿ ಬಂದು ಓಡುದಾರಿಯ ಆಚೆ ಉಳುಮೆ ನೆಲಕ್ಕೆ ಬಿತ್ತು. ಓಡಿದೆವು. ಮುಚ್ಚಳ ತೆಗೆದರೆ ಬದುಕಿದ್ದ. ಪಟ್ಟಿ ಮಣಿಕಟ್ಟನ್ನು ಎಲುಬಿನವರೆಗೆ ಕೊರೆದಿತ್ತು. ಕತ್ತರಿ ತಂದು ನಾನೇ ಕತ್ತರಿಸಿದೆ. ಕತ್ತರಿಸಿದ ಕೂಡಲೇ ಅವನ ಎರಡೂ ಕೈ ಹೋಗಿ ಮೊಣಕಾಲ ಮೇಲೆ ಕೂತವು. ಮುಂದೆ ನೋಡುತ್ತಾ ಕುಳಿತೇ ಇದ್ದ. ಬಹಳ ಹೊತ್ತಾದ ಮೇಲೆ, "ಇನ್ನೂ 'ಮತ್ತೊಮ್ಮೆ' ಅನ್ನಲಿಲ್ಲಲ್ಲರಿ, ಅಕ್ಕಾರ" ಎಂದ. ನಾನು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಅತ್ತುಬಿಟ್ಟೆ.

ನಿಮ್ಮಲ್ಲಿ ಕೇಳುವುದು ಒಂದೇ. ಯುದ್ಧ ನಿಲ್ಲಿಸಿ ಎನ್ನುವುದಿಲ್ಲ, ಅಷ್ಟು ಆಸೆ ನನಗೆ ಉಳಿದಿಲ್ಲ. ನಿಮ್ಮ ನಡುವೆ ಈಗ ಯಾರೋ ಒಬ್ಬರು ಮೊದಲ ಸುಳ್ಳುಗೂಡಿನ ನಕ್ಷೆ ಬರೆಯುತ್ತಿರಬೇಕು. ಒಳ್ಳೆಯವರೇ ಇರಬೇಕು, ಯಾರಿಗೂ ನೋವಾಗಬಾರದು ಎಂದುಕೊಂಡವರು. ಅವರನ್ನು ಹುಡುಕಿ. ಬಿದ್ದವರನ್ನು ಸ್ವಲ್ಪ ಹೊತ್ತು ಕತ್ತಲಲ್ಲಿ ಹಾಗೇ ಕೂರಿಸಲು ಹೇಳಿ.

ನಾಳೆ ಹೊಸ ತಂಡ ಬರುತ್ತದೆ, ಹದಿನಾರು ಜನ. ಕೈಗೆ ಬ್ಯಾಂಡೇಜು ಸುತ್ತಿಕೊಂಡ ನದಾಫ ಜಗಲಿಯಲ್ಲಿ ಕುಳಿತು ಎಡಗೈಯಲ್ಲಿ ಅವರಿಗಾಗಿ ಪಟ್ಟಿ ಹೊಲಿಯುತ್ತಿದ್ದಾನೆ. ಸೂಜಿಗೆ ದಾರ ಪೋಣಿಸಿಕೊಡಲು ಕರೆಯುತ್ತಿದ್ದಾನೆ. ಹೋಗಬೇಕು.

ನಿಮ್ಮ,
ಬಸಲಿಂಗವ್ವ